ಹಿಂದಿಕ್ಕಬಾರದ ಓಟ



ಇಟಲಿಯ ನಡುಭಾಗದಲ್ಲಿ ಉಂಬ್ರಿಯಾ ಎಂಬ ಪ್ರಾಂತವಿದೆ. ಅದರ ಈಶಾನ್ಯ ಮೂಲೆಯಲ್ಲಿ, ಬೆಟ್ಟದ ಮಡಿಲಿಗೆ ಒರಗಿಕೊಂಡಂತೆ ಗುಬ್ಬಿಯೊ ಎಂಬ ಊರಿದೆ. ಪ್ರತಿ ವರ್ಷ ಮೇ 15ರ ಸಂಜೆ ಆರು ಗಂಟೆಗೆ ಆ ಊರಿನಲ್ಲಿ ಒಂದು ಓಟ ಶುರುವಾಗುತ್ತದೆ. ಓಡುವವರು ಮೂರು ತಂಡದವರು. ಒಂದೊಂದು ತಂಡದ ಹೆಗಲ ಮೇಲೂ ಒಂದೊಂದು ಮರದ ಕಂಬ. ಎತ್ತರ ನಾಲ್ಕು ಮೀಟರಿಗೂ ಹೆಚ್ಚು, ತೂಕ ಸುಮಾರು 300 ಕಿಲೊ. ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು, ಇಕ್ಕಟ್ಟಾದ ಕಲ್ಲುಬೀದಿಗಳಲ್ಲಿ, ಆಮೇಲೆ ಕಡಿದಾದ ಬೆಟ್ಟದ ದಾರಿಯಲ್ಲಿ, ಒಟ್ಟು ನಾಲ್ಕು ಕಿಲೊಮೀಟರಿಗೂ ಹೆಚ್ಚು ದೂರ ಓಡಬೇಕು. ನಡೆಯುವಂತಿಲ್ಲ, ಓಡಲೇಬೇಕು.

ಆದರೆ ಈ ಓಟದಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದು ಹೊರಡುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಮುಂದಿರುವವರು ಯಾವಾಗಲೂ ಮುಂದೆ, ಹಿಂದಿರುವವರು ಯಾವಾಗಲೂ ಹಿಂದೆ. ಒಬ್ಬರನ್ನೊಬ್ಬರು ದಾಟುವಂತಿಲ್ಲ. ನೂರಾರು ವರ್ಷಗಳಿಂದ ಈ ಕ್ರಮ ಬದಲಾಗಿಲ್ಲ, ಬದಲಾಗಬೇಕೆಂದು ಯಾರೂ ಕೇಳುವುದೂ ಇಲ್ಲ. ಹಾಗಾದರೆ ಇಷ್ಟು ಭಾರ ಹೊತ್ತು, ಉಸಿರು ಕಟ್ಟಿ ಓಡುವುದು ಯಾತಕ್ಕೆ? ಇವತ್ತು ಈ ಪ್ರಶ್ನೆಯನ್ನೇ ಹಿಡಿದುಕೊಂಡು ಗುಬ್ಬಿಯೊ ಊರನ್ನೂ ಅದರ ಹಬ್ಬವನ್ನೂ ನಿಮಗೆ ಪರಿಚಯಿಸುತ್ತೇನೆ.

ಮೊದಲು ಊರು. ಮೊಂತೆ ಇಂಜಿನೊ ಎಂಬ ಬೆಟ್ಟದ ಬುಡದಲ್ಲಿ, ಒಂದರ ಮೇಲೊಂದು ಮೆಟ್ಟಿಲಿಟ್ಟ ಹಾಗೆ ಬೂದುಬಣ್ಣದ ಸುಣ್ಣಕಲ್ಲಿನ ಮನೆಗಳು. ಉದ್ದುದ್ದದ ಬೀದಿಗಳು ಬೆಟ್ಟದ ಅಡ್ಡಕ್ಕೆ ಮಟ್ಟಸವಾಗಿ ಸಾಗುತ್ತವೆ. ಅವುಗಳನ್ನು ಕೂಡಿಸುವ ಓಣಿಗಳು ಕಡಿದಾಗಿ ಏರುತ್ತವೆ. ಊರಿನ ನಡುವೆ ಪಿಯಾತ್ಸಾ ಗ್ರಾಂದೆ ಎಂಬ ದೊಡ್ಡ ಚೌಕವಿದೆ. ಇಳಿಜಾರಿನಲ್ಲಿ ಇಷ್ಟು ವಿಶಾಲವಾದ ಸಮತಟ್ಟು ಜಾಗ ಎಲ್ಲಿಂದ ಬಂತು ಎಂದು ಆಶ್ಚರ್ಯವಾಗುತ್ತದೆ. 14ನೇ ಶತಮಾನದ ಗುಬ್ಬಿಯೊ ಜನ ಕೆಳಗಿನ ಬೀದಿಯಿಂದ ಭಾರಿ ಕಲ್ಲಿನ ಕಮಾನುಗಳನ್ನು ಎಬ್ಬಿಸಿ, ಅವುಗಳ ಮೇಲೆ ಈ ಚೌಕವನ್ನು ಹಾಸಿದರು. ಅದರ ಒಂದು ಅಂಚಿನಲ್ಲಿ ಪಲಾತ್ಸೊ ದೇಯಿ ಕೊನ್ಸೊಲಿ, ಅಂದರೆ ಊರಿನ ಆಡಳಿತಗಾರರ ಅರಮನೆ. ಅದರ ಕೆಲಸ ಶುರುವಾದದ್ದು 1332ರಲ್ಲಿ. ಅರಸನಿಗಾಗಿ ಕಟ್ಟಿದ್ದಲ್ಲ, ಧರ್ಮಗುರುವಿಗಾಗಿ ಕಟ್ಟಿದ್ದೂ ಅಲ್ಲ. ತಮ್ಮನ್ನು ತಾವೇ ಆಳಿಕೊಳ್ಳುತ್ತಿದ್ದ ಊರಿನವರು ತಮಗಾಗಿ ಕಟ್ಟಿಕೊಂಡದ್ದು.

ಆ ಅರಮನೆಯಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಅಲ್ಲಿ ಏಳು ಕಂಚಿನ ಫಲಕಗಳಿವೆ. 1444ರಲ್ಲಿ ಬೆಳಕಿಗೆ ಬಂದ ಈ ಫಲಕಗಳನ್ನು 1456ರಲ್ಲಿ ಊರಾಡಳಿತವೇ ಕೊಂಡುಕೊಂಡಿತು. ಇವು ಕ್ರಿಸ್ತಪೂರ್ವದ ಕೊನೆಯ ಶತಮಾನಗಳವು. ಭಾಷೆ ಲ್ಯಾಟಿನ್ ಅಲ್ಲ, ಅದರ ಒಡಹುಟ್ಟಾದ, ಬಹುಕಾಲದ ಹಿಂದೆಯೇ ಅಳಿದುಹೋದ ಉಂಬ್ರಿಯನ್. ಆ ಭಾಷೆಯ ಬಗ್ಗೆ ಇವತ್ತು ವಿದ್ವಾಂಸರಿಗೆ ತಿಳಿದಿರುವ ಬಹುಪಾಲು ಈ ಏಳು ಫಲಕಗಳಿಂದಲೇ ಬಂದದ್ದು. ಅವುಗಳಲ್ಲಿರುವುದು ರಾಜರ ದಿಗ್ವಿಜಯವಲ್ಲ. ಊರನ್ನು ಶುದ್ಧಿ ಮಾಡುವ ವಿಧಿ. ಪುರೋಹಿತರು ಮೆರವಣಿಗೆಯಲ್ಲಿ ಊರನ್ನು ಸುತ್ತಬೇಕು, ಊರಿನ ಮೂರು ಬಾಗಿಲುಗಳಲ್ಲಿ ಬಲಿ ಅರ್ಪಿಸಬೇಕು, ಮಂತ್ರ ತಪ್ಪಿದರೆ ಮೊದಲಿಂದ ಶುರು ಮಾಡಬೇಕು. ಊರು ಎಂದರೆ ಬರೀ ಮನೆಗಳ ಗುಂಪಲ್ಲ, ಅದನ್ನು ಕ್ರಮವಾಗಿ ಸುತ್ತಿ, ಮತ್ತೆ ತಮ್ಮದಾಗಿಸಿಕೊಳ್ಳಬೇಕು ಎಂಬ ಭಾವನೆ ಈ ನೆಲದಲ್ಲಿ ಅಷ್ಟು ಹಳೆಯದು.

ಇನ್ನು ಹಬ್ಬದ ನಾಯಕರ ವಿಷಯ. ಅವರು ಸಂತ ಉಬಾಲ್ದೊ. 12ನೇ ಶತಮಾನದಲ್ಲಿ ಗುಬ್ಬಿಯೊದ ಬಿಷಪ್ ಆಗಿದ್ದವರು, ಅದೇ ಊರಿನ ಮಗ. ಅವರ ಬಗ್ಗೆ ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಎರಡು ಪ್ರಸಂಗಗಳಿವೆ. 1155ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೊಸ್ಸ ಸ್ಪೊಲೇತೊ ನಗರವನ್ನು ಸುಟ್ಟು ಗುಬ್ಬಿಯೊ ಕಡೆಗೆ ಬಂದಾಗ, ವಯಸ್ಸಾಗಿದ್ದ ಉಬಾಲ್ದೊ ಖುದ್ದಾಗಿ ಅವನೆದುರು ಹೋಗಿ ನಿಂತು ಊರನ್ನು ಉಳಿಸಿಕೊಂಡರು ಎಂಬುದು ಒಂದು.

ಎರಡನೆಯದು ಸಣ್ಣ ಪ್ರಸಂಗ, ಆದರೆ ನನಗೆ ಅದೇ ಹೆಚ್ಚು ದೊಡ್ಡದೆನಿಸುತ್ತದೆ. ಊರಿನ ಕೋಟೆಗೋಡೆಯ ಕೆಲಸ ನಡೆಯುತ್ತಿತ್ತು. ಕೆಲಸದವರು ಬಿಷಪರ ದ್ರಾಕ್ಷಿತೋಟವನ್ನು ಹಾಳು ಮಾಡುತ್ತಿದ್ದರು. ಉಬಾಲ್ದೊ ಹೋಗಿ ಮೆತ್ತಗೆ ಆಕ್ಷೇಪಿಸಿದರು. ಮೇಸ್ತ್ರಿಗೆ ಸಿಟ್ಟು ಬಂತು. ಬಿಷಪರನ್ನು ತಳ್ಳಿಬಿಟ್ಟ, ಅವರು ಕಲಸಿಟ್ಟ ಗಾರೆಯೊಳಗೆ ಬಿದ್ದರು. ಮೈಗೆ ಮೆತ್ತಿದ ಸುಣ್ಣವನ್ನು ಒರೆಸಿಕೊಂಡು ಏನೂ ಹೇಳದೆ ಮನೆಗೆ ನಡೆದರು. ಸುದ್ದಿ ತಿಳಿದ ಊರು ಕೆರಳಿತು. ಆ ಮೇಸ್ತ್ರಿಯನ್ನು ಗಡೀಪಾರು ಮಾಡಬೇಕು, ಆಸ್ತಿ ಮುಟ್ಟುಗೋಲು ಹಾಕಬೇಕು ಎಂದು ಜನ ಪಟ್ಟು ಹಿಡಿದರು. ಆಗ ಉಬಾಲ್ದೊ, ತಪ್ಪು ನಡೆದದ್ದು ಬಿಷಪನ ಮೇಲೆ, ಆದ್ದರಿಂದ ವಿಚಾರಣೆಯ ಅಧಿಕಾರವೂ ತನ್ನದೇ ಎಂದರು. ಮೇಸ್ತ್ರಿಯನ್ನು ಮುಂದೆ ಕರೆಸಿದರು. ಯಾವ ಶಿಕ್ಷೆಗೂ ಸಿದ್ಧ ಎಂದು ಅವನು ತಲೆ ಬಗ್ಗಿಸಿದ. ಉಬಾಲ್ದೊ ಪೀಠದಿಂದ ಇಳಿದು ಬಂದು ಅವನಿಗೆ ಶಾಂತಿಯ ಮುತ್ತು ಕೊಟ್ಟು ಕಳಿಸಿದರು.

ಆ ಮೇಸ್ತ್ರಿಯ ಕಸುಬಿನವರು, ಗಾರೆ ಕೆಲಸದವರು ಮತ್ತು ಕಲ್ಲುಕುಟಿಗರು, ಇವತ್ತು ಉಬಾಲ್ದೊ ಸಂತರ ಕಂಬಕ್ಕೆ ವಾರಸುದಾರರು. ಅವರ ಸಂಘ ಇಂದಿಗೂ ಇದೆ, ಅವರದೇ ಚರ್ಚೂ ಇದೆ. ಸಂತರನ್ನು ಗಾರೆಗೆ ತಳ್ಳಿದ ಕೈಗಳೇ ಸಂತರನ್ನು ಬೆಟ್ಟದ ನೆತ್ತಿಗೆ ಹೊತ್ತೊಯ್ಯುತ್ತವೆ.

ಉಬಾಲ್ದೊ ತೀರಿಕೊಂಡದ್ದು 1160ರ ಮೇ 16ರಂದು. 1192ರಲ್ಲಿ ಪೋಪ್ ಮೂರನೇ ಸೆಲೆಸ್ಟೀನ್ ಅವರನ್ನು ಸಂತರೆಂದು ಘೋಷಿಸಿದರು. 1194ರಲ್ಲಿ ಅವರ ದೇಹವನ್ನು ಬೆಟ್ಟದ ಮೇಲಿನ ಚರ್ಚಿಗೆ ಒಯ್ದರು. ಇಂದಿಗೂ ಅದು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇದೆ. ಅವರ ಪುಣ್ಯದಿನದ ಹಿಂದಿನ ಸಂಜೆ ಊರಿನ ಕಸುಬುದಾರರ ಸಂಘಗಳು ಮೇಣದ ದೀಪಗಳನ್ನು ಹಿಡಿದು ಮೆರವಣಿಗೆ ಹೋಗುತ್ತಿದ್ದವು. ಕಾಲಕ್ರಮದಲ್ಲಿ ಮೇಣದ ಅರ್ಪಣೆ ದೊಡ್ಡದಾಗುತ್ತಾ ಹೋಯಿತು. 16ನೇ ಶತಮಾನದ ಕೊನೆಯ ಹೊತ್ತಿಗೆ ಮೇಣದ ಜಾಗಕ್ಕೆ ಮರ ಬಂತು. ಹೆಸರು ಮಾತ್ರ ಹಳೆಯದೇ ಉಳಿಯಿತು. ಈ ಕಂಬಗಳಿಗೆ ಇಂದಿಗೂ ಚೇರಿ ಎನ್ನುತ್ತಾರೆ, ಅಂದರೆ ಮೇಣದ ದೀಪಗಳು. ಕ್ರೈಸ್ತಧರ್ಮಕ್ಕೂ ಹಿಂದಿನ ವಸಂತದ ಆಚರಣೆಯಲ್ಲೇ ಇದರ ಬೇರಿದೆ ಎಂದು ವಾದಿಸುವವರೂ ಇದ್ದಾರೆ. ಅವರು ಆ ಕಂಚಿನ ಫಲಕಗಳತ್ತ, ಅವುಗಳಲ್ಲಿ ಬರುವ ಮೂರು ದೇವರತ್ತ, ಮೂರು ಬಾಗಿಲುಗಳತ್ತ ಕೈ ತೋರಿಸುತ್ತಾರೆ.

ಚೇರಿ ಮೂರು. ಮೊದಲನೆಯದರ ತುದಿಯಲ್ಲಿ ಸಂತ ಉಬಾಲ್ದೊ ವಿಗ್ರಹ, ಹೊರುವವರಿಗೆ ಹಳದಿ ಅಂಗಿ. ಎರಡನೆಯದರಲ್ಲಿ ಕುದುರೆಯೇರಿದ ಸಂತ ಜಾರ್ಜ್, ವರ್ತಕರ ಮತ್ತು ಕುಶಲಕರ್ಮಿಗಳ ಪಾಲಕ, ನೀಲಿ ಅಂಗಿ. ಮೂರನೆಯದರಲ್ಲಿ ಸನ್ಯಾಸಿ ಸಂತ ಅಂತೋನಿ, ರೈತರ ಪಾಲಕ, ಕಪ್ಪು ಅಂಗಿ. ಮೂರೂ ತಂಡದವರಿಗೆ ಬಿಳಿ ಷರಾಯಿ, ಸೊಂಟಕ್ಕೆ ಕೆಂಪು ಪಟ್ಟಿ, ಕೊರಳಿಗೆ ಕೆಂಪು ವಸ್ತ್ರ. ಕಂಬದ ಆಕಾರವೇ ವಿಶಿಷ್ಟ: ಎಂಟು ಮುಖಗಳ ಎರಡು ಟೊಳ್ಳು ಮರದ ಭಾಗಗಳು ಒಂದರ ಮೇಲೊಂದು, ನಡುವೆ ಸಣ್ಣ ನಡು, ಮೈತುಂಬ ಬಣ್ಣದ ಚಿತ್ತಾರ. ಬುಡವನ್ನು ಬರೆಲ್ಲಾ ಎಂಬ ಮರದ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ತೇರಿಗಾದರೆ ಗಾಲಿ ಇದೆ, ಹಗ್ಗ ಇದೆ. ಚೇರಿಗೆ ಇರುವುದು ಹೆಗಲು ಮಾತ್ರ.

ಮೇ 15 ಇನ್ನೂ ಬೆಳಕು ಹರಿಯುವ ಮುಂಚೆಯೇ ಶುರುವಾಗುತ್ತದೆ. ತಮಟೆಯವರು ಬೀದಿಬೀದಿಯಲ್ಲಿ ಬಾರಿಸುತ್ತಾ ಹೋಗಿ ಹಬ್ಬದ ಮುಖಂಡರನ್ನು ಎಬ್ಬಿಸುತ್ತಾರೆ. ಎದ್ದವರು ಮೊದಲು ಹೋಗುವುದು ಸ್ಮಶಾನಕ್ಕೆ. ಹಿಂದೆ ಹೆಗಲು ಕೊಟ್ಟು ಈಗ ಇಲ್ಲವಾದವರಿಗೆ ನಮಿಸಿದ ಮೇಲೆಯೇ ಉಳಿದದ್ದು. ಆಮೇಲೆ ಗಾರೆ ಕೆಲಸದವರ ಚರ್ಚಿನಲ್ಲಿ ಪೂಜೆ. ಮೂವರು ಸಂತರ ವಿಗ್ರಹಗಳು ವರ್ಷವಿಡೀ ಇರುವುದು ಅಲ್ಲೇ. ಸಂತ ಫ್ರಾನ್ಸಿಸರು ಗುಬ್ಬಿಯೊ ಜನರನ್ನು ಕಾಡುತ್ತಿದ್ದ ತೋಳವನ್ನು ಸಾಧುಗೊಳಿಸಿದರು ಎಂಬ ಕಥೆಯನ್ನು ನೀವು ಕೇಳಿರಬಹುದು. ಆ ತೋಳದ ನೆನಪೂ ಇದೇ ಚರ್ಚಿನೊಂದಿಗೆ ಹೆಣೆದುಕೊಂಡಿದೆ.

ಮಧ್ಯಾಹ್ನದ ಹೊತ್ತಿಗೆ ಪಿಯಾತ್ಸಾ ಗ್ರಾಂದೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅರಮನೆಯ ಗೋಪುರದಲ್ಲಿ 1769ರಲ್ಲಿ ಎರಕ ಹೊಯ್ದ ದೊಡ್ಡ ಗಂಟೆ ಇದೆ, ಸುಮಾರು ಎರಡು ಟನ್ ತೂಕದ್ದು. ಅದನ್ನು ಬಾರಿಸುವವರು ಕೈಯಿಂದ ಎಳೆಯುವುದಿಲ್ಲ, ಕಾಲಿನಿಂದ ಒದ್ದು ಒದ್ದು ತೂಗುತ್ತಾರೆ. ಕೆಳಗೆ ಚೌಕದಲ್ಲಿ ಮೂರು ಚೇರಿಗಳೂ ನೆಲದ ಮೇಲೆ ಅಡ್ಡ ಮಲಗಿರುತ್ತವೆ. ಬುಡಕ್ಕೆ ಬರೆಲ್ಲಾ ಕೂಡಿಸಿ, ಮರದ ಗೂಟ ಬಡಿದು ಬಿಗಿ ಮಾಡುತ್ತಾರೆ. ಒಂದೊಂದು ಚೇರಿಗೂ ಒಬ್ಬ ನಾಯಕ. ಅವನಿಗೆ ಕಾಪೊದಿಯೇಚಿ ಎನ್ನುತ್ತಾರೆ. ಅವನು ಬರೆಲ್ಲಾದ ಮೇಲೆ ಹತ್ತಿ ನಿಲ್ಲುತ್ತಾನೆ. ಕೈಯಲ್ಲಿ ಬಣ್ಣದ ಮಣ್ಣಿನ ಹೂಜಿ. ಮರದ ಸಂದು ಬಿಗಿಯಾಗಲಿ ಎಂದು ಹೂಜಿಯ ನೀರನ್ನು ಅದರ ಮೇಲೆ ಸುರಿಯುತ್ತಾನೆ. ಮರುಕ್ಷಣ ಖಾಲಿ ಹೂಜಿಯನ್ನು ಜನರ ಮೇಲಕ್ಕೆ ಎಸೆಯುತ್ತಾನೆ. ಹೂಜಿ ಕೆಳಗೆ ಬೀಳುವುದರೊಳಗೆ ಅವನ ಮೈಭಾರಕ್ಕೂ ಹೊರುವವರ ಬಲಕ್ಕೂ ಒಮ್ಮೆಲೇ ಮಣಿದು ಕಂಬ ನೆಟ್ಟಗೆದ್ದು ನಿಲ್ಲುತ್ತದೆ. ಜನ ಚೂರುಗಳಿಗಾಗಿ ಮುಗಿಬೀಳುತ್ತಾರೆ. ಹೂಜಿಯ ಒಂದು ಚೂರು ಮನೆಯಲ್ಲಿದ್ದರೆ ಶುಭ ಎಂಬ ನಂಬಿಕೆ.

ಎದ್ದು ನಿಂತ ಮೂರೂ ಚೇರಿಗಳು ಚೌಕದ ಧ್ವಜಸ್ತಂಭವನ್ನು ಸುತ್ತಿ, ಬೇರೆ ಬೇರೆ ದಾರಿ ಹಿಡಿಯುತ್ತವೆ. ಇದು ಓಟವಲ್ಲ, ಊರಿಗೆ ದರ್ಶನ. ಹಿಂದೆ ಚೇರಿ ಹೊತ್ತು ಈಗ ವಯಸ್ಸಾಗಿ ಮನೆ ಹಿಡಿದವರ ಬಾಗಿಲಿಗೆ, ಇತ್ತೀಚೆಗೆ ತೀರಿಕೊಂಡವರ ಮನೆಯೆದುರಿಗೆ ಚೇರಿ ಬಂದು ನಿಲ್ಲುತ್ತದೆ, ಗೌರವ ಸಲ್ಲಿಸುತ್ತದೆ. ಬೆಳಗ್ಗೆ ಸ್ಮಶಾನ, ಮಧ್ಯಾಹ್ನ ಹಿರಿಯರ ಮನೆ, ಸಂಜೆ ಓಟ. ಈ ಸಾಲನ್ನು ಗಮನಿಸಿದರೆ, ಓಡುವ ಆ ಹೊತ್ತು ಬರೀ ಓಡುವವರದ್ದಲ್ಲ ಎಂಬುದು ತಿಳಿಯುತ್ತದೆ.

ಸಂಜೆ ಸಂತರ ಮೆರವಣಿಗೆ ಬರುತ್ತದೆ, ಬಿಷಪರು ಆಶೀರ್ವದಿಸುತ್ತಾರೆ, ಓಟ ಶುರು. ಒಂದು ಚೇರಿಗೆ ಒಮ್ಮೆಗೆ ಹೆಗಲು ಕೊಡುವವರು ಎಂಟೇ ಮಂದಿ. ಅಷ್ಟು ಭಾರ ಹೊತ್ತು ಆ ವೇಗದಲ್ಲಿ ಯಾರೂ ಹೆಚ್ಚು ದೂರ ಓಡಲಾರರು. ಅದಕ್ಕೇ ದಾರಿಯುದ್ದಕ್ಕೂ ಹೊಸ ಹೆಗಲುಗಳು ಕಾದಿರುತ್ತವೆ. ಚೇರಿ ಹತ್ತಿರ ಬರುತ್ತಿದ್ದಂತೆ ಅವರೂ ಪಕ್ಕದಲ್ಲಿ ಓಡತೊಡಗುತ್ತಾರೆ. ದಣಿದವನು ತಲೆ ತಗ್ಗಿಸಿ ಹೊರಕ್ಕೆ ಜಾರಿದ ಜಾಗಕ್ಕೆ ಹೊಸಬ ಹೆಗಲು ಸೇರಿಸುತ್ತಾನೆ. ಇಷ್ಟೂ ನಡೆಯುವಾಗ ಚೇರಿ ನಿಲ್ಲುವುದಿಲ್ಲ, ವೇಗವೂ ತಗ್ಗುವುದಿಲ್ಲ. ಒಬ್ಬನ ಹೆಜ್ಜೆ ತಪ್ಪಿದರೂ ಕಂಬ ವಾಲುತ್ತದೆ. ವಾಲಿದರೆ ಬೀದಿಯ ಎರಡೂ ಬದಿಯ ಜನರ ಎದೆ ಝಲ್ಲೆನ್ನುತ್ತದೆ. ಬಿದ್ದರಂತೂ ಆ ವರ್ಷವಿಡೀ ಆ ಮಾತೇ ಮಾತು. ವಿಗ್ರಹವು ಮನೆಯ ಸೂರಿಗೋ ಕಿಟಕಿಗೋ ತಗಲದಂತೆ ತಿರುವುಗಳಲ್ಲಿ ದಾಟಿಸಬೇಕು. ಇಳಿಜಾರಿನಲ್ಲಿ ಹಿಂದಿನವರು ಜಗ್ಗಿ ಹಿಡಿಯಬೇಕು, ಏರಿನಲ್ಲಿ ಮುಂದಿನವರು ಎಳೆದೊಯ್ಯಬೇಕು. ಪಿಯಾತ್ಸಾ ಗ್ರಾಂದೆಯಲ್ಲಿ ಮತ್ತೆ ಸುತ್ತು ಹಾಕಿ, ಸಂತ ಉಬಾಲ್ದೊ ಹೆಸರಿನ ಊರಬಾಗಿಲನ್ನು ದಾಟಿದರೆ ಮುಂದೆ ಬೆಟ್ಟ. ಊರಿನಿಂದ ಮೇಲಿನ ಚರ್ಚಿಗೆ ಸುಮಾರು 300 ಮೀಟರ್ ಎತ್ತರದ ಏರು. ಹಾವಿನಂತೆ ಹೊರಳುವ ಮಣ್ಣಿನ ದಾರಿಯಲ್ಲಿ, ಮುಸ್ಸಂಜೆಯ ಬೆಳಕಿನಲ್ಲಿ, ಅದೇ ಓಟದಲ್ಲಿ ಹತ್ತಬೇಕು.

ಈಗ ಮೊದಲ ಪ್ರಶ್ನೆಗೆ ಬರೋಣ. ದಾಟುವಂತಿಲ್ಲ ಎಂದಮೇಲೆ ಸ್ಪರ್ಧೆ ಎಲ್ಲಿದೆ?

ಸ್ಪರ್ಧೆ ಇದೆ, ತೀವ್ರವಾಗಿಯೇ ಇದೆ. ಚೇರಿ ನೆಟ್ಟಗಿರಬೇಕು, ಬೀಳಬಾರದು, ಮುಂದಿನ ಚೇರಿಗೂ ತನಗೂ ನಡುವೆ ಅಂತರ ಬಿಡಬಾರದು. ಮುಂದಿನವರು ಎಡವಿದರೆ ಹಿಂದಿನವರು ಕಾಯಬೇಕು. ಕೊನೆಯ ಸೆಣಸಾಟ ಬೆಟ್ಟದ ತುದಿಯ ಚರ್ಚಿನ ಬಾಗಿಲಲ್ಲಿ. ಉಬಾಲ್ದೊ ಚೇರಿಯವರು ಕಂಬವನ್ನು ಓರೆಮಾಡಿ ಒಳಕ್ಕೆ ನುಗ್ಗಿದವರೇ ಬಾಗಿಲು ಹಾಕಲು ನೋಡುತ್ತಾರೆ. ಹಿಂದಿನವರು ಬಾಗಿಲು ಮುಚ್ಚಲಾಗದಷ್ಟು ಹತ್ತಿರ ಬಂದಿರಬೇಕು. ಬಾಗಿಲು ಮುಚ್ಚಿತೇ, ಜಾರ್ಜ್ ತಂಡದವರು ಒಳಸೇರಿದರೇ, ಅಂತೋನಿ ತಂಡದವರು ಎಷ್ಟು ಹಿಂದೆ ಬಿದ್ದರು ಎಂಬ ಚರ್ಚೆ ಮುಂದಿನ ಮೇ ತಿಂಗಳವರೆಗೂ ಸಾಗುತ್ತದೆ. ಅಂದರೆ ಇಲ್ಲಿ ಸೋಲು ಎಂದರೆ ಹಿಂದೆ ಇರುವುದಲ್ಲ, ಹಿಂದೆ ಉಳಿದುಬಿಡುವುದು. ಗೆಲುವು ಎಂದರೆ ಇನ್ನೊಬ್ಬರನ್ನು ಮೀರುವುದಲ್ಲ, ಅವರ ಜೊತೆ ಬಿಡದೆ ತಲುಪುವುದು. ಓಟ ಮುಗಿದ ಮೇಲೆ ಮೂರೂ ಚೇರಿಗಳು ವರ್ಷವಿಡೀ ಒಂದೇ ಚರ್ಚಿನಲ್ಲಿ ಒಟ್ಟಿಗೆ ಇರುತ್ತವೆ. ಬಾಗಿಲಲ್ಲಿ ಸೆಣಸಿದ ಮೂರೂ ಬಣ್ಣದವರು ಸಂತರ ವಿಗ್ರಹಗಳನ್ನು ಹೊತ್ತು, ದೀಪ ಹಿಡಿದು, ಸಂತರ ಸ್ತುತಿ ಹಾಡುತ್ತಾ ಅದೇ ದಾರಿಯಲ್ಲಿ ಇಳಿದು ಬರುತ್ತಾರೆ.

ಇಟಲಿಯಲ್ಲಿ ಮಧ್ಯಯುಗದ ಹೆಸರಿನ ಹಬ್ಬಗಳಿಗೆ ಬರವಿಲ್ಲ. ಅವುಗಳಲ್ಲಿ ಹಲವು, ನಿಂತುಹೋಗಿದ್ದನ್ನು 20ನೇ ಶತಮಾನದಲ್ಲಿ ಮತ್ತೆ ಎಬ್ಬಿಸಿದಂಥವು. ಅರೆತ್ಸೊ ನಗರದ ಭರ್ಜಿ ಪಂದ್ಯ 1931ರಲ್ಲಿ, ಫೊಲಿನ್ಯೊ ನಗರದ್ದು 1946ರಲ್ಲಿ, ನಾರ್ನಿ ಎಂಬ ಬೆಟ್ಟದೂರಿನ ಉಂಗುರದ ಓಟ 1969ರಲ್ಲಿ ಹೊಸದಾಗಿ ಶುರುವಾದವು. ಅಲ್ಲೆಲ್ಲ ಜರಿಯ ಉಡುಪು, ಕಹಳೆ, ಬಾವುಟಗಳ ವೈಭವ ಕಣ್ಣು ತುಂಬುತ್ತದೆ. ಗುಬ್ಬಿಯೊದಲ್ಲೂ ಅಂಥದ್ದು ಉಂಟು. ಮೇ ಕೊನೆಯ ಭಾನುವಾರ ಇದೇ ಚೌಕದಲ್ಲಿ ನೆರೆಯ ಸಾನ್‌ಸೆಪೊಲ್ಕ್ರೊ ಊರಿನವರೊಂದಿಗೆ ಅಡ್ಡಬಿಲ್ಲಿನ ಪಂದ್ಯ ನಡೆಯುತ್ತದೆ. 36 ಮೀಟರ್ ದೂರದ ಗುರಿಗೆ ಬಾಣ ಹೊಡೆಯುವವರು ಹಳೆಯ ಕಾಲದ ಉಡುಪು ತೊಟ್ಟು ಬರುತ್ತಾರೆ. ಅದಕ್ಕೂ ನನ್ನ ಗೌರವವಿದೆ. ಮರೆತ ವಿದ್ಯೆಯನ್ನು ಉಳಿಸಿಕೊಳ್ಳುವುದು ಸಣ್ಣ ಕೆಲಸವಲ್ಲ.

ಆದರೆ ಚೇರಿ ಹೊರುವವರು ಯಾವ ಶತಮಾನದ ವೇಷವನ್ನೂ ಹಾಕುವುದಿಲ್ಲ. ಅವರು ಯಾರನ್ನೂ ಅಭಿನಯಿಸುತ್ತಿಲ್ಲ. ಅಂಗಡಿಯವನು ಅಂಗಡಿಯವನಾಗಿಯೇ, ಮೇಸ್ತ್ರಿ ಮೇಸ್ತ್ರಿಯಾಗಿಯೇ, ಕಾಲೇಜು ಹುಡುಗ ಹುಡುಗನಾಗಿಯೇ ಬಂದು ಹೆಗಲು ಕೊಡುತ್ತಾನೆ. ಮಧ್ಯಯುಗದಿಂದ ಅವರಿಗೆ ಬಂದಿರುವುದು ಉಡುಪಲ್ಲ, ಒಂದು ಹರಕೆ. ನಮ್ಮ ಊರನ್ನು ಕಾಪಾಡಿದವರನ್ನು ವರ್ಷಕ್ಕೊಮ್ಮೆ ಬೆಟ್ಟದ ಮೇಲೆ ಮುಟ್ಟಿಸುತ್ತೇವೆ ಎಂಬ ಮಾತು. ಈ ಎರಡಕ್ಕೂ ಇರುವ ಅಂತರ ದೊಡ್ಡದು. ನೋಡುವವರಿಲ್ಲದಿದ್ದರೆ ಪ್ರದರ್ಶನ ನಿಲ್ಲುತ್ತದೆ. ಹರಕೆಗೆ ನೋಡುವವರು ಬೇಕಿಲ್ಲ.

ಇದು ಬರೀ ಮಾತಲ್ಲ ಎನ್ನುವುದಕ್ಕೆ ಸಾಕ್ಷಿಗಳಿವೆ. ಮೊದಲನೇ ಮಹಾಯುದ್ಧದಲ್ಲಿ ಗುಬ್ಬಿಯೊದ ಸೈನಿಕರು ಆಲ್ಪ್ಸ್ ಪರ್ವತದ ಕೋಲ್ ದಿ ಲಾನಾ ಎಂಬ ಯುದ್ಧಭೂಮಿಯಲ್ಲಿದ್ದರು. ಮೇ ತಿಂಗಳು ಬಂತು. ಊರಿಗೆ ಹೋಗುವಂತಿಲ್ಲ. ಸಿಕ್ಕಿದ ಮರದಲ್ಲೇ ಚೇರಿ ಮಾಡಿಕೊಂಡು, ಆ ಪರ್ವತದ ಮೇಲೆಯೇ ಹೊತ್ತು ಓಡಿದರು. ಅದಕ್ಕೂ ಮುಂಚೆ ಬಡತನ ತಾಳಲಾರದೆ ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳಲ್ಲಿ ದುಡಿದ ಗುಬ್ಬಿಯೊ ಮಂದಿ ಜೆಸಪ್ ಎಂಬ ಸಣ್ಣ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿಯೂ ಮೂವರು ಸಂತರನ್ನು ಹೊತ್ತು ಓಡುವ ಹಬ್ಬ ಇಂದಿಗೂ ನಡೆಯುತ್ತದೆ. ಅದೇ ಕ್ರಮ, ಅದೇ ಬಣ್ಣಗಳು.

ಇನ್ನು ಮುಂದಿನ ತಲೆಮಾರು. ಗುಬ್ಬಿಯೊದಲ್ಲಿ ದೊಡ್ಡವರ ಓಟ ಮುಗಿದ ಮೇಲೆ ಹದಿಹರೆಯದವರ ಓಟವಿದೆ, ಅದಕ್ಕೆ ನಡು ಅಳತೆಯ ಚೇರಿಗಳು. ಜೂನ್ 2ರಂದು ಚಿಕ್ಕ ಮಕ್ಕಳ ಓಟ, ಅವರ ಹೆಗಲಿಗೆ ತಕ್ಕ ಪುಟ್ಟ ಚೇರಿಗಳು. ಅದೇ ಬಣ್ಣದ ಅಂಗಿ, ಅದೇ ಕೆಂಪು ವಸ್ತ್ರ, ದಾಟಬಾರದೆಂಬ ಅದೇ ನಿಯಮ. ಬರೆಲ್ಲಾದ ಕೆಳಗೆ ಹೇಗೆ ನುಸುಳಬೇಕು, ಪಕ್ಕದವನ ಹೆಜ್ಜೆಗೆ ತನ್ನ ಹೆಜ್ಜೆ ಹೇಗೆ ಕೂಡಿಸಬೇಕು, ದಣಿದಾಗ ಜಾಗ ಬಿಟ್ಟುಕೊಡುವುದು ಹೇಗೆ ಎಂಬುದನ್ನು ಮಗು ಪುಸ್ತಕದಿಂದ ಕಲಿಯುವುದಿಲ್ಲ, ಹೆಗಲಿನಿಂದ ಕಲಿಯುತ್ತದೆ. ಹಿರಿಯರು ಪಕ್ಕದಲ್ಲೇ ಓಡುತ್ತಾ ಇರುತ್ತಾರೆ.

1973ರಲ್ಲಿ ಉಂಬ್ರಿಯಾ ಪ್ರಾಂತಕ್ಕೆ ಒಂದು ಲಾಂಛನ ಬೇಕಾಯಿತು. ಅಸ್ಸೀಸಿ ಇರುವ ಪ್ರಾಂತ ಅದು, ಪೆರೂಜ, ಒರ್ವಿಯೇತೊಗಳಂಥ ಹೆಸರಾಂತ ಊರುಗಳಿರುವ ಪ್ರಾಂತ. ಆದರೂ ಆರಿಸಿಕೊಂಡದ್ದು ಗುಬ್ಬಿಯೊದ ಮೂರು ಚೇರಿಗಳನ್ನು. ಇವತ್ತು ಪ್ರಾಂತದ ಬಾವುಟದ ಮೇಲೆ ಇರುವ ಆ ಮೂರು ಆಕೃತಿಗಳು ಪಕ್ಕಪಕ್ಕದಲ್ಲಿ ಸಮಸಮವಾಗಿ ನಿಂತಿವೆ. ಅಲ್ಲಿ ಹಿಂದೆ ಮುಂದೆ ಎಂಬುದೇ ಇಲ್ಲ.

ಕೇಳುಗ ಮಿತ್ರರೇ, 2020ರಲ್ಲಿ ಮತ್ತು 2021ರಲ್ಲಿ ಕೊರೊನಾ ಕಾರಣದಿಂದ ಚೇರಿಗಳ ಓಟ ನಡೆಯಲಿಲ್ಲ. 2022ರಲ್ಲಿ ಚೇರಿಗಳು ಮತ್ತೆ ಎದ್ದವು. ಎರಡು ವರ್ಷ ಬಿಟ್ಟುಹೋದದ್ದನ್ನು ಮತ್ತೆ ಕಟ್ಟಿಕೊಳ್ಳಲು ಆ ಊರಿಗೆ ಯಾವ ಯೋಜನೆಯೂ ಬೇಕಾಗಲಿಲ್ಲ. ಯಾರು ಎಲ್ಲಿ ಕಾಯಬೇಕು, ಯಾರು ಯಾರಿಂದ ಹೆಗಲು ಪಡೆಯಬೇಕು ಎಂಬುದು ಪ್ರತಿ ಮನೆಗೂ ಗೊತ್ತಿತ್ತು. ಒಂದು ಸಂಪ್ರದಾಯ ಗಟ್ಟಿಯಾಗಿದೆಯೇ ಎಂದು ತಿಳಿಯಲು ಅದು ಎಷ್ಟು ಹಳೆಯದು ಎಂದು ಕೇಳಿದರೆ ಸಾಲದು. ಅದನ್ನು ಹೊರುವ ಕೆಲಸ ಹಲವರಿಗೆ ಹಂಚಿಹೋಗಿದೆಯೇ, ಮಕ್ಕಳಿಗೆ ಅದರಲ್ಲಿ ನಿಜವಾದ ಪಾಲಿದೆಯೇ, ಕಾಲವಾದವರಿಗೂ ಕೈಲಾಗದವರಿಗೂ ಅದರಲ್ಲಿ ಜಾಗವಿದೆಯೇ ಎಂದು ಕೇಳಬೇಕು. ಈ ಮೂರು ಪ್ರಶ್ನೆಗಳಿಗೂ ಗುಬ್ಬಿಯೊ ಹೌದು ಎನ್ನುತ್ತದೆ. ಒಬ್ಬರನ್ನೊಬ್ಬರು ಹಿಂದಿಕ್ಕುವುದನ್ನೇ ಬಾಳಿನ ನಿಯಮವೆಂದು ಬಗೆದಿರುವ ಈ ಕಾಲದಲ್ಲಿ, ಜೊತೆಯವರನ್ನು ಬಿಡದೆ ಕೊನೆ ಮುಟ್ಟುವುದಕ್ಕೂ ಅಷ್ಟೇ ಬಲ, ಅಷ್ಟೇ ಧೈರ್ಯ, ಅಷ್ಟೇ ಅಭ್ಯಾಸ ಬೇಕು ಎಂದು ಒಂದು ಇಡೀ ಊರು ವರ್ಷ ವರ್ಷ ಓಡಿ ತೋರಿಸುತ್ತಿದೆ. ಆ ಊರಿನಿಂದ ಕಲಿಯಬೇಕಾದದ್ದು ಅದು ಎಂದು ನಾನು ನಂಬಿದ್ದೇನೆ.